ಕೆಕೆಲಿ ಪತ್ರಿಕೆಯ ಖಾಲಿ ಚೌಕಟ್ಟು

"ನನ್ನ ಅಜ್ಜಿನ ಸಾಯಿಸಿದ್ದು ಯಾರು? ಹೊರಗೆ ಬನ್ನಿ!"

ಶನಿವಾರದ ಸಂತೆಯ ಗದ್ದಲವನ್ನು ಸೀಳಿಕೊಂಡು ಬಂದ ಆ ಕೂಗಿಗೆ ಅಚ್ಚುಕೂಟದೊಳಗಿದ್ದ ಯುವಕ ಬೆಚ್ಚಿ ಎದ್ದುನಿಂತ. ಜೋಡಿಸುತ್ತಿದ್ದ ಅಚ್ಚುಮೊಳೆಗಳು ಜಾರಿ ನೆಲದ ತುಂಬ ಚೆಲ್ಲಿದವು.

ಬಾಗಿಲಲ್ಲಿ ಯಾಯ್ರಾ ನಿಂತಿದ್ದಳು. ಕುತ್ತಿಗೆಗೆ ಅಳತೆಯ ಟೇಪು, ರವಿಕೆಯ ಅಂಚಿಗೆ ಸಿಕ್ಕಿಸಿದ ಸೂಜಿ, ಮುಷ್ಟಿಯಲ್ಲಿ ಮುದುಡಿದ 'ಕೆಕೆಲಿ' ಪತ್ರಿಕೆ. ಕಣ್ಣಲ್ಲಿ ಬೆಂಕಿ!

"ಅಯ್ಯೋ... ಯಾರು ಸತ್ತಿದ್ದು?" ಯುವಕ ಗಾಬರಿಯಿಂದ ಕೇಳಿದ.

"ಯಾರೂ ಸತ್ತಿಲ್ಲ! ಅದೇ ನನ್ನ ತಕರಾರು!"

ಅವಳು ಪತ್ರಿಕೆಯನ್ನು ಅವನ ಮೇಜಿನ ಮೇಲೆ ಹರವಿದಳು. ಕೊನೆಯ ಪುಟದಲ್ಲಿ ಅಬ್ಲಾ ಅಜ್ಜಿಯ ಫೋಟೋ. ಅದರ ಕೆಳಗೆ, 'ಎಂಬತ್ತು ತುಂಬಿದ ಅಬ್ಲಾ ಅಜ್ಜಿಯವರಿಗಾಗಿ ದೇವರಿಗೆ ಸ್ತೋತ್ರ. ಮುಂದಿನ ಭಾನುವಾರ ಚರ್ಚಿನಲ್ಲಿ ಕೃತಜ್ಞತಾ ಪ್ರಾರ್ಥನೆ.' ಸುತ್ತಲೂ ದಪ್ಪನೆಯ ಕಪ್ಪು ಚೌಕಟ್ಟು.

ಅವನು ಎರಡು ಸಲ ಓದಿದ. "ಸರಿಯಾಗೇ ಇದೆಯಲ್ಲ? ಒಂದಕ್ಷರಾನೂ ತಪ್ಪಿಲ್ಲ."

"ಈ ಊರಲ್ಲಿ ಅಕ್ಷರ ಯಾರು ನೋಡ್ತಾರೆ? ಚೌಕಟ್ಟು ನೋಡ್ತಾರೆ! ಕಪ್ಪು ಗೆರೆ ಅಂದ್ರೆ ಸಾವು. ತಾಳೆಗರಿ ಗೆರೆ ಅಂದ್ರೆ ಸ್ತೋತ್ರ. ಹೆಣೆದ ಎರಡೆಳೆ ಗೆರೆ ಅಂದ್ರೆ ಮದುವೆ. ಲೋಗೊಮೆಯ ಕೂಸಿಗೂ ಇದು ಗೊತ್ತು. ನಿಮಗೆ ಗೊತ್ತಿಲ್ವಾ?"

"ನಾನು... ಹುಟ್ಟಿ ಬೆಳೆದಿದ್ದೆಲ್ಲ ರಾಜಧಾನಿ ಅಕ್ರಾದಲ್ಲಿ. ತಾತ ತೀರಿಕೊಂಡ ಮೇಲೆ ಬಂದೆ. ಕಪ್ಪು ಗೆರೆ ಹಾಕಿದ್ರೆ ಅಜ್ಜಿಗೆ ಒಂದು ಗಾಂಭೀರ್ಯ ಬರುತ್ತೆ ಅಂತ..."

"ಗಾಂಭೀರ್ಯ! ಪಕ್ಕದ ಮನೆ ಡಾವಿ ಅಕು ಮೀನಿನ ಬುಟ್ಟಿ ಬಿಸಾಕಿ ಸಂತೇಲಿ ಹೊರಳಾಡಿ ಅತ್ಲು. ಆಮೇಲೆ ನನ್ನ ಹತ್ರಾನೇ ಬಂದು, 'ಅಬ್ಲಾ ಅಜ್ಜಿ ಸಾವಿಗೆ ನಂಗೊಂದು ಕಪ್ಪು ರವಿಕೆ ಹೊಲಿದುಕೊಡೇ, ತೋಳು ಸ್ವಲ್ಪ ಉಬ್ಬಿರಲಿ' ಅಂದ್ಲು. ಅಜ್ಜಿ ಅಲ್ಲೇ ಹಿಂದೆ ಕೂತು ಅಬೊಲೊ ಕಡುಬು ತಿಂತಿದ್ರು!"

ಅವನು ತುಟಿ ಕಚ್ಚಿ ತಡೆದುಕೊಂಡ. ಆಗಲಿಲ್ಲ. ನಗು ಸಿಡಿದೇಬಿಟ್ಟಿತು. ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣದೊಂದು ಸಂದು. ಆ ಸಂದಿನಿಂದ ನಗು ಇನ್ನಷ್ಟು ಧಾರಾಳವಾಗಿ ಹೊರಬಿದ್ದಂತೆ ಕಂಡಿತು.

'ನಗ್ತಾನೆ ನೋಡು! ನಾಚಿಕೆ ಇಲ್ಲದವನು!' ಎಂದುಕೊಂಡಳು ಯಾಯ್ರಾ.

ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಗು ಅವಳ ಹಿಂದೆಯೇ ಬಂತು...

*

ಅವನ ಹೆಸರು ಸೆನ್ಯೊ. ಆ ಸೀಮೆಯ ಮಾತಿನಲ್ಲಿ 'ಬೆಳಕು' ಎಂಬರ್ಥದ ಕೆಕೆಲಿಯನ್ನು ಶುರುಮಾಡಿದ ಅಗ್ಬೆಕೊ ಮೇಷ್ಟ್ರ ಮೊಮ್ಮಗ.

ಸಂಜೆಗೆ ಅವನು ಕ್ಷಮೆ ಕೇಳಲು ಅಬ್ಲಾ ಅಜ್ಜಿಯ ಮನೆಗೆ ಬಂದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಟ್ಟದಾಚೆಯ ಹಳ್ಳಿಗಳಿಂದಲೂ ಜನ ಸಾವಿನ ಮನೆಗೆಂದು ಬಂದಿದ್ದರು. ಕೆಲವರು ಕಪ್ಪು ಉಟ್ಟಿದ್ದರು, ಕೆಲವರು ಕೆಂಪು; ಎರಡೂ ಅಲ್ಲಿ ಸಾವಿನ ಬಣ್ಣ. ನಡುವೆ ಕುರ್ಚಿಯಲ್ಲಿ ಕುಳಿತಿದ್ದವಳು ಸತ್ತವಳೇ!

"ಬನ್ನಿ, ಕೂತ್ಕೊಳ್ಳಿ," ಎನ್ನುತ್ತಿದ್ದಳು ಅಜ್ಜಿ. "ಅಳೋದಿದ್ರೆ ಅತ್ತುಬಿಡಿ, ತಡೀಬೇಡಿ. ಹೇಗೆ ಅಳ್ತೀರಿ ಅಂತ ನಾನೂ ಕೇಳ್ತೀನಿ. ಏನೋ ತಮ್ಮಾ, ಬರಿಗೈಲಿ ಬಂದಿದ್ದೀಯಾ? ಇಷ್ಟೇನಾ ನನ್ನ ಬೆಲೆ?"

ಅಳಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡಾವಿ ಅಕು ಮಾತ್ರ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದಳು. ಅಷ್ಟೊಂದು ಕಣ್ಣೀರು ಸುಮ್ಮನೆ ಖರ್ಚಾಯಿತಲ್ಲ ಎಂಬ ಸಂಕಟ ಅವಳಿಗೆ.

ಸೆನ್ಯೊ ಮಂಡಿಯೂರಿದ. "ಅಜ್ಜಿ, ತಪ್ಪಾಯ್ತು."

ಅಜ್ಜಿ ಅವನ ಗಲ್ಲ ಹಿಡಿದೆತ್ತಿ, ಮುಖವನ್ನು ತುಂಬ ಹೊತ್ತು ನೋಡಿದಳು.

"ನಿಮ್ಮ ತಾತ ನನಗೋಸ್ಕರ ಮಾಡಿದ ಗೆರೆ ಅದು ಮಗಾ. ಕೊನೆಗೂ ನನ್ನ ಸುತ್ತಾನೇ ಬಂತು ನೋಡು."

ಯಾಯ್ರಾಳಿಗೂ ಇದು ಹೊಸ ಮಾತು.

"ಶುರುವಿನ ವರ್ಷಗಳಲ್ಲಿ ಕೆಕೆಲಿಗೆ ಚೌಕಟ್ಟು ಗಿಕಟ್ಟು ಏನೂ ಇರ್ಲಿಲ್ಲ," ಎಂದಳು ಅಜ್ಜಿ. "ಅಕ್ಷರ ಮಾತ್ರ. ನನಗೆಲ್ಲಿ ಅಕ್ಷರ? ಆಗ ನಾನು ಸಂತೇಲಿ ಹೊಗೆ ಮೀನು ಮಾರ್ತಿದ್ದೆ. ಹಳೇ ಕೆಕೆಲಿ ಹಾಳೆ ಹರಿದು ಮೀನು ಕಟ್ಟಿಕೊಡ್ತಿದ್ದೆ. ಒಂದು ದಿನ ಮೇಷ್ಟ್ರು ಮೀನು ತಗೊಳ್ಳೋಕೆ ಬಂದ್ರು. ಹಾಳೆ ನೋಡಿ ಅವರ ಮುಖ ಬಿಳಿಚಿಕೊಂಡ್ತು. 'ಅಬ್ಲಾ, ಇದು ನಿನ್ನ ಅಣ್ಣನ ಸಾವಿನ ಸುದ್ದಿ' ಅಂದ್ರು. ತಗ್ಗಿನೂರಲ್ಲಿದ್ದ ಅಣ್ಣ. ಅವನ ಮಣ್ಣು ಆಗಿ ತಿಂಗಳಾಗಿತ್ತು. ನಾನು ಅವನ ಹೆಸರಲ್ಲೇ ಮೀನು ಸುತ್ತಿ ಮಾರ್ತಾ ಇದ್ದೆ..."

ಅಜ್ಜಿಯ ಧ್ವನಿ ಕುಗ್ಗಲಿಲ್ಲ. ಅಳುವಷ್ಟನ್ನು ಅವಳು ಆಗಲೇ ಅತ್ತು ಮುಗಿಸಿದ್ದಳು.

"ಮೇಷ್ಟ್ರು ನನ್ನ ಬುಟ್ಟಿ ಪಕ್ಕ ನೆಲದ ಮೇಲೆ ಕೂತು ಅತ್ರು. 'ಓದೋಕೆ ಬರೋರಿಗೆ ಮಾತ್ರ ಬೆಳಕು ಕೊಟ್ರೆ ಅದು ದೇವರ ಬೆಳಕಲ್ಲ' ಅಂದ್ರು. ಮುಂದಿನ ವಾರದಿಂದ ಸಾವಿಗೆ ಕಪ್ಪು ಗೆರೆ ಬಂತು. ಆಮೇಲೆ ತಾಳೆಗರಿ, ಆಮೇಲೆ ಮದುವೆ ಗೆರೆ. ಭಾನುವಾರ ಚರ್ಚ್ ಮುಗಿದ ಮೇಲೆ ಬೇವಿನ ಮರದ ಕೆಳಗೆ ಪತ್ರಿಕೆ ಗಟ್ಟಿಯಾಗಿ ಓದೋ ಪದ್ಧತೀನೂ ಆಗಲೇ ಬಂತು."

ಸೆನ್ಯೊನ ಕಣ್ಣು ತುಂಬಿತ್ತು. "ತಾತ ಇದನ್ನ ನನಗೆ ಹೇಳಲೇ ಇಲ್ಲ ಅಜ್ಜಿ."

"ನೀನು ಕೇಳೋಕೆ ಎಲ್ಲಿದ್ದೆ?" ಅಜ್ಜಿ ಅವನ ಕಿವಿ ಹಿಂಡಿದಳು. "ನನ್ನ ಸಾಯಿಸಿದ್ದಕ್ಕೆ ನಿನಗೆ ಶಿಕ್ಷೆ. ದಿನಾ ಸಂಜೆ ಬರಬೇಕು. ಕೆಕೆಲಿ ಕಥೆಯೆಲ್ಲ ನಾನು ಹೇಳ್ತೀನಿ, ನೀನು ಬರ್ಕೋಬೇಕು. ನಾನು ನಿಜವಾಗಿ ಹೋಗೋದ್ರೊಳಗೆ ಮುಗಿಸಬೇಕು."

"ದಿನಾನಾ?" ಎಂದಳು ಯಾಯ್ರಾ, ಬೆಚ್ಚಿ.

"ಯಾಕೆ, ನಿನಗೇನು ಕಷ್ಟ? ನೀನು ಅಕ್ಪ್ಲೆ ಮುದ್ದೆ ಕಲಸು, ಸಾಕು."

*

ಹೀಗೆ ಸೆನ್ಯೊ ಸಂಜೆಸಂಜೆ ಬರತೊಡಗಿದ. ಪತ್ರಿಕೆಗೆ ಆ ವರ್ಷ ಐವತ್ತು ತುಂಬುವುದಿತ್ತು. ಇತಿಹಾಸವನ್ನೆಲ್ಲ ಬರೆದು ವಿಶೇಷ ಸಂಚಿಕೆ ತರುತ್ತೇನೆ ಎಂದು ಅವನು ಪಾಸ್ಟರರ ಮುಂದೆ ಮಾತು ಕೊಟ್ಟಿದ್ದ.

ಅಜ್ಜಿ ಹೇಳುವಳು, ಅವನು ಬರೆಯುವನು. ಯಾಯ್ರಾ ಹೊಲಿಗೆ ಯಂತ್ರದ ಮುಂದೆ ಕುಳಿತು, ಕೇಳದವಳಂತೆ ನಟಿಸುತ್ತ ಎಲ್ಲವನ್ನೂ ಕೇಳುವಳು.

ಮಿಷನ್ನಿನವರು ಬಿಟ್ಟುಹೋದ, ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚುಯಂತ್ರವನ್ನು ಬಿಡಿಬಿಡಿ ಮಾಡಿ, ಲೋಗೊಮೆಯ ಗಂಡಸರು ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿಸಿದ ಕಥೆ. ದಾರಿಯುದ್ದಕ್ಕೂ ಚರ್ಚಿನ ಹಾಡು ಹಾಡಿಕೊಂಡೇ ಬಂದರಂತೆ. ಯಂತ್ರದ ಚಕ್ರ ಹೊತ್ತವನು ಮಾತ್ರ ಕೊನೆಯವರೆಗೂ ತಲೆ ಸ್ವಲ್ಪ ವಾಲಿಸಿಕೊಂಡೇ ನಡೆಯುತ್ತಿದ್ದನಂತೆ.

ಕಾಡ್ಗಿಚ್ಚು ಹೊಲಗಳನ್ನೆಲ್ಲ ಸುಟ್ಟ ವರ್ಷದ ಕಥೆ. ತಿನ್ನಲು ಗೆಣಸಿಲ್ಲ, ಅಚ್ಚುಹಾಕಲು ಕಾಗದವಿಲ್ಲ. "ಇನ್ನು ಕೆಕೆಲಿ ನಿಲ್ಲಿಸ್ತೀನಿ" ಎಂದು ಮೇಷ್ಟ್ರು ಚರ್ಚಿನಲ್ಲಿ ಹೇಳಿದ ಮರುದಿನ ಜನ ಒಬ್ಬೊಬ್ಬರಾಗಿ ಅಚ್ಚುಕೂಟಕ್ಕೆ ಬಂದರು. ಒಬ್ಬರು ಸಿಮೆಂಟ್ ಚೀಲ ತಂದರು. ಒಬ್ಬರು ಹಿಟ್ಟಿನ ಚೀಲ. ಮಕ್ಕಳು ಮುಗಿದ ನೋಟುಪುಸ್ತಕಗಳ ಖಾಲಿ ಹಾಳೆ ಕಿತ್ತು ತಂದರು. ಆ ವರ್ಷದ ಕೆಕೆಲಿಗಳು ಒಂದು ಕಂದು, ಒಂದು ಬಿಳಿ, ಒಂದು ಗೆರೆಗೆರೆ. ನಿಲ್ಲಲಿಲ್ಲ!

"ಹಸಿದುಕೊಂಡು ಪತ್ರಿಕೆ ಯಾಕೆ ಬೇಕಿತ್ತು ಅಜ್ಜಿ?" ಸೆನ್ಯೊ ಕೇಳಿದ.

"ಯಾರು ಇನ್ನೂ ಇದ್ದಾರೆ ಅಂತ ಗೊತ್ತಾಗಬೇಕಿತ್ತು ಮಗಾ," ಎಂದಳು ಅಜ್ಜಿ.

ಆ ಉತ್ತರಕ್ಕೆ ಹೊಲಿಗೆ ಯಂತ್ರ ನಿಂತಿತು. ಸೆನ್ಯೊ ತಲೆಯೆತ್ತಿದಾಗ ಯಾಯ್ರಾ ಅವನನ್ನೇ ನೋಡುತ್ತಿದ್ದಳು. ಇಬ್ಬರೂ ಥಟ್ಟನೆ ಬೇರೆ ಕಡೆ ನೋಡಿದರು.

ಅಜ್ಜಿಗೆ ಕಣ್ಣು ಮಂಜಾಗಿತ್ತು, ನಿಜ. ಆದರೆ ಇಂಥದ್ದು ಕಾಣದಷ್ಟು ಮಂಜಾಗಿರಲಿಲ್ಲ!

ಭಾನುವಾರಗಳಂದು ಬೇವಿನ ಮರದ ಕೆಳಗೆ ಪತ್ರಿಕೆ ಓದುತ್ತಿದ್ದವಳು ಯಾಯ್ರಾಳೇ. ಮೇಷ್ಟ್ರ ಕಣ್ಣು ಸೋತಾಗ ಆ ಕೆಲಸವನ್ನು ಅವಳ ಕೈಗೆ ಒಪ್ಪಿಸಿದ್ದರು. ಅವಳು ಮದುವೆಯ ಸುದ್ದಿ ಓದಿದರೆ ಮದುವೆಗೆ ಹೋಗಿಬಂದಂತೆ. ಸಾವಿನ ಸುದ್ದಿ ಓದಿದರೆ ಕೈಹಿಡಿದು ಕೂತಂತೆ.

"ನಾನು ಜೋಡಿಸಿದಾಗ ಅದು ಬರೀ ಸೀಸ," ಎಂದ ಸೆನ್ಯೊ ಒಂದು ಭಾನುವಾರ, ಜನ ಚದುರಿದ ಮೇಲೆ. "ನೀವು ಓದಿದಾಗ್ಲೇ ಅದಕ್ಕೆ ಉಸಿರು ಬರೋದು."

"ಓಹೋ! ಅಕ್ರಾದಲ್ಲಿ ಹುಡುಗೀರಿಗೆಲ್ಲ ಹೀಗೇ ಹೇಳ್ತಿದ್ರಾ ಎಫೊ?"

'ಎಫೊ' ಎಂದು ಅವಳು ಅವನನ್ನು ಕರೆದದ್ದು ಅದೇ ಮೊದಲು. ಆ ಸೀಮೆಯ ಹೆಣ್ಣುಮಕ್ಕಳು ತಮ್ಮವರೆನಿಸಿದ ಗಂಡಸರನ್ನು ಹಾಗೆ ಕರೆಯುತ್ತಾರೆ. ಅಲ್ಲಿಯವರೆಗೆ ಅವನು 'ಪ್ರೆಸ್ಸಿನವರೇ' ಆಗಿದ್ದ.

"ಅಕ್ರಾದಲ್ಲಿ ನನ್ನ ಮಾತು ಕೇಳೋ ಹುಡುಗಿ ಒಬ್ಬಳೂ ಇರ್ಲಿಲ್ಲ," ಎಂದು ನಕ್ಕ ಅವನು. ಹಲ್ಲಿನ ಸಂದಿನಿಂದ.

'ದೇವರೇ, ಆ ಸಂದು ಯಾಕೆ ಕೊಟ್ಟೆ ಇವನಿಗೆ!' ಎಂದುಕೊಂಡಳು ಯಾಯ್ರಾ.

*

ವಿಶೇಷ ಸಂಚಿಕೆಯ ಹಿಂದಿನ ವಾರ. ಮಧ್ಯಾಹ್ನದ ಬಿಸಿಲು.

ಯಾಯ್ರಾ ಬಾಳೆಎಲೆಯಲ್ಲಿ ಬಿಸಿ ಅಬೊಲೊ ಸುತ್ತಿಕೊಂಡು ಅಚ್ಚುಕೂಟದ ಕಡೆ ಹೊರಟಿದ್ದಳು. ಕರೆಯದೇ ಹೋಗುತ್ತಿದ್ದುದು ಇದೇ ಮೊದಲು. ಹೊಸ ನೀಲಿ ರವಿಕೆ ತೊಟ್ಟಿದ್ದಳು. ತನಗಾಗಿಯೇ ಹೊಲಿದುಕೊಂಡದ್ದು.

'ಇವತ್ತು ಅವನೇನಾದ್ರೂ ಕೇಳಿದ್ರೆ... ಹೂಂ ಅಂದ್ಬಿಡ್ತೀನಿ. ಕೇಳದಿದ್ರೆ, ಅಬೊಲೊ ಕೊಟ್ಟು ಬಂದ್ಬಿಡ್ತೀನಿ. ಅಷ್ಟೇ!'

ಕಿಟಕಿಯ ಹತ್ತಿರ ಬಂದಾಗ ಒಳಗೆ ಹಗ್ಗದ ಮೇಲೆ ಒಣಹಾಕಿದ್ದ ಪ್ರೂಫ್ ಹಾಳೆಗಳು ಕಂಡವು. ಗಾಳಿಗೆ ಒಂದು ಹಾಳೆ ಅವಳತ್ತ ತಿರುಗಿತು.

ಹೆಣೆದ ಎರಡೆಳೆಯ ಚೌಕಟ್ಟು. ಮದುವೆಯ ಗೆರೆ!

ಅದರೊಳಗೆ ಫೋಟೋ. ಹೆಗಲ ಮೇಲೆ ಕೆಟೆ ವಸ್ತ್ರ ಹೊದ್ದು ನಿಂತ ಸೆನ್ಯೊ. ಅದೇ ಹಣೆ, ಅದೇ ಕಿವಿ, ನಗುವಿನಲ್ಲಿ ಅದೇ ಹಲ್ಲಿನ ಸಂದು. ಪಕ್ಕದಲ್ಲಿ ಕತ್ತಿನ ತುಂಬ ಮಣಿಸರ ಹಾಕಿಕೊಂಡ, ಯಾಯ್ರಾ ಎಂದೂ ಕಂಡಿರದ ಒಬ್ಬ ಚೆಲುವೆ!

ಅವಳು ಕಿಟಕಿಯ ಅಂಚು ಹಿಡಿದುಕೊಂಡಳು.

ಕೆಳಗೆ ಎರಡು ಸಾಲು ಅಕ್ಷರಗಳಿದ್ದವು. ಊರಿಗೆಲ್ಲ ಓದಿ ಹೇಳುವ ಯಾಯ್ರಾ ಅಂದು ಆ ಎರಡು ಸಾಲನ್ನು ಓದಲಿಲ್ಲ. ಚೌಕಟ್ಟು ನೋಡಿದಳು, ಮುಖ ನೋಡಿದಳು... ಸಾಕಾಯಿತು.

'ಅಕ್ರಾದಲ್ಲಿ ಒಬ್ಬಳೂ ಇರ್ಲಿಲ್ಲ ಅಂದನಲ್ಲ! ಸುಳ್ಳ!'

ಹಿಂದಿರುಗುವಾಗ ಅಬೊಲೊ ಕಟ್ಟನ್ನು ಡಾವಿ ಅಕುವಿನ ಮಡಿಲಿಗೆ ಹಾಕಿದಳು.

"ಇದೇನೇ, ಯಾರಾದ್ರೂ ಸತ್ರಾ?" ಎಂದಳು ಅಕು ಸಂಶಯದಿಂದ. "ನಿಜವಾಗಿ ಸತ್ತಿದ್ರೆ ಮಾತ್ರ ಹೇಳು. ಸುಮ್ಮಸುಮ್ಮನೆ ನಾನು ಅಳಲ್ಲ ಇನ್ಮೇಲೆ."

*

ಮರುದಿನ ಸಂಜೆ ಸೆನ್ಯೊ ಎಂದಿನಂತೆ ಬಂದ.

"ಏನು ಯಾಯ್ರಾ, ನಿನ್ನೆ ಪ್ರೆಸ್ಸಿನ ಕಡೆ ಬಂದಿದ್ರಂತೆ? ಒಳಗೆ ಬರಲೇ ಇಲ್ಲ?"

ಅವಳು ಯಂತ್ರದಿಂದ ತಲೆಯೆತ್ತಲಿಲ್ಲ. "ಮದುವೆ ಬಟ್ಟೆ ಹೊಲಿಸೋದಿದ್ರೆ ಅಳತೆ ಕೊಟ್ಟು ಹೋಗಿ. ಹರಟೆಗೆ ಪುರುಸೊತ್ತಿಲ್ಲ."

ಅವನ ಮುಖ ಅರಳಿತು. 'ಅಂದ್ರೆ ಇವಳಿಗೆ ನನ್ನ ಮನಸ್ಸು ಗೊತ್ತಾಗಿದೆಯಾ?' ಎಂದುಕೊಂಡ ಪಾಪದವನು.

"ಅಳತೆ ಕೊಡೋ ಹಂತಕ್ಕೆ ಇನ್ನೂ ಬಂದಿಲ್ಲ," ಎಂದ ನಾಚುತ್ತ. "ಹುಡುಗಿ ಹೂಂ ಅನ್ನಬೇಕಲ್ಲ."

"ಅಂದೇ ಅಂತಾಳೆ ಬಿಡಿ! ಮಣಿಸರ ಹಾಕ್ಕೊಂಡು ರೆಡಿಯಾಗೇ ನಿಂತಿದಾಳೆ!"

"ಮಣಿಸರಾನಾ...?"

ಯಂತ್ರ ಭರ್ರೆಂದು ಓಡಿತು. ಅವನ ಪ್ರಶ್ನೆ ಅದರ ಸದ್ದಿನಲ್ಲಿ ಮುಳುಗಿಹೋಯಿತು. ಅವನು ಅಜ್ಜಿಯ ಕಡೆ ನೋಡಿದ. ಅಜ್ಜಿ ಭುಜ ಕುಣಿಸಿದಳು. ಅವನು ತಲೆ ತಗ್ಗಿಸಿ ಹೊರಟುಹೋದ. ಆಮೇಲೆ ನಾಲ್ಕಾರು ದಿನ ಬರಲಿಲ್ಲ. ಸಂಚಿಕೆಯ ಕೆಲಸ ತಲೆಮೇಲಿತ್ತು ಎನ್ನುವುದು ಒಂದು ಕಾರಣ. ಹೆದರಿಕೆ ಇನ್ನೊಂದು.

"ಏನಾಯ್ತೇ ನಿನಗೆ?" ಅಜ್ಜಿ ಕೇಳಿದಳು.

"ಏನಿಲ್ಲ. ಈ ಭಾನುವಾರ ನಾನು ಓದಲ್ಲ ಅಜ್ಜಿ. ಬೇರೆ ಯಾರಾದ್ರೂ ಓದಲಿ."

"ಯಾಕೆ?"

'ಯಾಕೆ ಅಂದ್ರೆ, ಅವನ ಮದುವೆ ಸುದ್ದಿನ ಊರ ಮುಂದೆ ನನ್ನ ಬಾಯಲ್ಲೇ ಓದಬೇಕಾಗುತ್ತೆ. ಓದ್ತಾ ಓದ್ತಾ ನನ್ನ ಧ್ವನಿ ಒಡೆದುಹೋದ್ರೆ? ಅವನ ಮುಂದೆ? ಎಲ್ಲರ ಮುಂದೆ?' ಇದನ್ನು ಅವಳು ಹೇಳಲಿಲ್ಲ. ಆದರೆ ಸೂಜಿಗೆ ದಾರ ಪೋಣಿಸಲಾರದೆ ಅವಳ ಬೆರಳು ತಡವರಿಸುತ್ತಿದ್ದವು.

ಅಜ್ಜಿ ಸೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಪೋಣಿಸಲು ತನಗೂ ಕಾಣದೆಂದು ನೆನಪಾಗಿ, ಹಾಗೇ ಮಡಿಲಲ್ಲಿಟ್ಟುಕೊಂಡಳು.

"ನನ್ನ ಅಣ್ಣನ ಸುದ್ದಿ ಇದ್ಯಲ್ಲ, ಅದನ್ನ ಆ ದಿನ ಸಂತೇಲಿ ಮೇಷ್ಟ್ರು ನನಗೆ ಪೂರ್ತಿ ಓದಿ ಹೇಳಿದ್ರು. ಕೊನೆ ಸಾಲಲ್ಲಿ ಇತ್ತು, 'ಸಾಯೋ ಮುಂಚೆ ತಂಗಿ ಅಬ್ಲಾಳನ್ನು ನೆನೆದರು' ಅಂತ. ಸತ್ತ ಅಂತಷ್ಟೇ ಕೇಳಿ ಎದ್ದುಹೋಗಿದ್ರೆ ಆ ಮಾತು ನನಗೆ ಸಿಕ್ತಾನೇ ಇರ್ಲಿಲ್ಲ." ಅಜ್ಜಿ ಅವಳ ತಲೆ ಸವರಿದಳು. "ಏನೇ ಬರೆದಿದ್ರೂ ಪೂರ್ತಿ ಓದು ಮಗಳೇ. ದೇವರು ಧೈರ್ಯ ಕೊಡ್ತಾನೆ."

*

ಭಾನುವಾರ ಬಂತು.

ಐವತ್ತನೇ ವರ್ಷದ ಸಂಚಿಕೆಯನ್ನು ಶನಿವಾರದ ಸಂತೆಯಲ್ಲಿ ಮಾರಿರಲಿಲ್ಲ. ಮೊದಲು ದೇವರ ಮುಂದೆ ಇಡಬೇಕೆಂದು ಹಿರಿಯರು ಹೇಳಿದ್ದರು. ಪಾಸ್ಟರರು ಕಟ್ಟಿನ ಮೇಲೆ ಕೈಯಿಟ್ಟು, "ಕರ್ತನೇ, ಈ ಬೆಳಕನ್ನು ಐವತ್ತು ವರ್ಷ ಆರದಂತೆ ಕಾಯ್ದೆ" ಎಂದು ಪ್ರಾರ್ಥಿಸಿದರು. ಚರ್ಚಿನ ತುತ್ತೂರಿಯವರು ಊದುತ್ತ ಮುಂದೆ ನಡೆದರು. ಊರೆಲ್ಲ ಹಬ್ಬದ ಬಿಳಿ ಉಟ್ಟು ಬೇವಿನ ಮರದ ಕೆಳಗೆ ನೆರೆಯಿತು.

ಯಾಯ್ರಾ ಬಂದಿದ್ದಳು. ಮುಖ ಬಾಡಿತ್ತು, ಬೆನ್ನು ನೆಟ್ಟಗಿತ್ತು.

ಸೆನ್ಯೊ ಮೊದಲ ಪ್ರತಿಯನ್ನು ಅವಳ ಕೈಗಿತ್ತ.

ಅವಳು ಓದತೊಡಗಿದಳು.

ತಲೆಯ ಮೇಲೆ ಬೆಟ್ಟ ಹತ್ತಿದ ಯಂತ್ರದ ಕಥೆ. ಜನ ತಲೆದೂಗಿದರು. ವಾಲಿದ ತಲೆಯವನ ಮಗ ಎದ್ದುನಿಂತು, "ಅದು ನಮ್ಮಪ್ಪ!" ಎಂದು ಕೂಗಿದ. ಸಿಮೆಂಟ್ ಚೀಲದ ಮೇಲಿನ ಕೆಕೆಲಿಯ ಕಥೆ. ಅಂದು ನೋಟುಪುಸ್ತಕದ ಹಾಳೆ ಕಿತ್ತು ತಂದಿದ್ದ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಮೀನಿನ ಹಾಳೆಯ ಕಥೆ. ಡಾವಿ ಅಕು ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಕಣ್ಣೀರು ದಂಡವಾಗಲಿಲ್ಲ.

ಓದುತ್ತ ಓದುತ್ತ ಯಾಯ್ರಾಳ ಧ್ವನಿ ತುಂಬಿಕೊಂಡಿತು. ಎಷ್ಟು ಚೆನ್ನಾಗಿ ಬರೆದಿದ್ದಾನೆ! ಅಜ್ಜಿಯ ಮಾತು ಒಂದೂ ಕಳೆದಿಲ್ಲ. 'ಇಷ್ಟು ಒಳ್ಳೆಯವನು... ಇರಲಿ. ಯಾರ ಜೊತೆಗಾದರೂ ಸುಖವಾಗಿರಲಿ.'

ಕೊನೆಯ ಪುಟ ತಿರುಗಿಸಿದಳು.

ಹೆಣೆದ ಎರಡೆಳೆಯ ಚೌಕಟ್ಟು. ಅದೇ ಫೋಟೋ.

ಮುಂದಿನ ಸಾಲಿನಲ್ಲಿದ್ದವರಿಗೆ ಗೆರೆ ಕಂಡಿತು. "ಮದುವೆ! ಮದುವೆ!" ಎಂಬ ಪಿಸುಮಾತು ಹಿಂದಿನವರೆಗೂ ಹರಿಯಿತು.

ಯಾಯ್ರಾ ಕಣ್ಣು ಮುಚ್ಚಿದಳು. 'ಪೂರ್ತಿ ಓದು ಮಗಳೇ...' ಕಣ್ಣು ತೆರೆದು ಓದಿದಳು.

"ಕೆಕೆಲಿಯಲ್ಲಿ ಮದುವೆಯ ಗೆರೆಯೊಳಗೆ ಅಚ್ಚಾದ... ಮೊದಲ ಜೋಡಿ. ಪತ್ರಿಕೆಯ ಸ್ಥಾಪಕ... ಅಗ್ಬೆಕೊ ಮೇಷ್ಟ್ರು... ಮತ್ತು ಅವರ ಮಡದಿ ಎನ್ಯೊನಾಮ್..."

ಧ್ವನಿ ನಿಂತೇಹೋಯಿತು.

ಮೇಷ್ಟ್ರು! ಅವಳು ಕಂಡಿದ್ದು ಬೊಚ್ಚುಬಾಯಿಯ, ಬೋಳುತಲೆಯ ಮುದುಕ ಮೇಷ್ಟ್ರನ್ನು ಮಾತ್ರ. ಅವರಿಗೂ ಒಂದು ಕಾಲದಲ್ಲಿ ಹಲ್ಲಿತ್ತು, ಹಲ್ಲಿನ ನಡುವೆ ಸಂದಿತ್ತು ಎಂದು ಅವಳಿಗೆ ಯಾರು ಹೇಳಿದ್ದರು? ಆ ಮಡದಿಯಂತೂ ಯಾಯ್ರಾ ಹುಟ್ಟುವ ಮೊದಲೇ ತೀರಿಕೊಂಡವಳು.

'ಅಯ್ಯೋ ನನ್ನ ಬುದ್ಧಿಯೇ! ಮಾತು ಬಿಟ್ಟು ಗೆರೆ ನೋಡಿದೆನಲ್ಲ... ಓದೋಕೆ ಬಂದೂ ಓದಲಿಲ್ಲವಲ್ಲ!'

ನಗು ಬಂತು. ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡಳು.

"ಮುಂದೆ ಓದೇ!" ಎಂದು ಯಾರೋ ಕೂಗಿದರು. "ಕೆಳಗೆ ಇನ್ನೊಂದು ಗೆರೆ ಇದೆ!"

ಹೌದು. ಪುಟದ ತೀರ ಕೆಳಗೆ ಇನ್ನೊಂದು ಮದುವೆಯ ಚೌಕಟ್ಟು. ಅದರೊಳಗೆ ಫೋಟೋ ಇಲ್ಲ, ಹೆಸರಿಲ್ಲ. ಬರೀ ಬಿಳಿ ಕಾಗದ. ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದೇ ಸಾಲು.

ಅವಳು ಅದನ್ನು ಗಟ್ಟಿಯಾಗಿ ಓದಲಾರದೆ ಹೋದಳು. ತುಟಿ ಮಾತ್ರ ಅಲುಗಿತು.

'ಓದುವವಳು ಹೂಂ ಎಂದರೆ ತುಂಬುತ್ತೇನೆ. ಇಲ್ಲವಾದರೆ ಇದು ಅಚ್ಚಿನ ತಪ್ಪು.'

"ಖಾಲಿ ಇದೆ!" ಎಂದ ಮುಂದಿನ ಸಾಲಿನ ಮುದುಕ. "ಏಯ್ ಸೆನ್ಯೊ! ಮೊದಲು ಬದುಕಿರೋರನ್ನ ಸಾಯಿಸಿದೆ. ಈಗ ಗಂಡುಹೆಣ್ಣಿಲ್ಲದೆ ಮದುವೆ ಮಾಡ್ತೀಯಾ?"

ಬೇವಿನ ಮರವೇ ನಕ್ಕಂತೆ ಊರು ನಕ್ಕಿತು. ಸೆನ್ಯೊ ಮರದ ಕಾಂಡಕ್ಕೆ ಒರಗಿ ನಿಂತಿದ್ದ. ಅವನು ನಗಲಿಲ್ಲ. ಅವಳನ್ನೇ ನೋಡುತ್ತಿದ್ದ.

ಯಾಯ್ರಾ ಪತ್ರಿಕೆ ಮಡಚಿದಳು. "ಅದು... ಮುಂದಿನ ವಾರಕ್ಕೆ ಬಿಟ್ಟಿರೋ ಜಾಗ ಅಂತೆ," ಎಂದಳು ಎಲ್ಲರಿಗೂ ಕೇಳುವಂತೆ.

ಅಬ್ಲಾ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿ, "ಸ್ತೋತ್ರ!" ಎಂದಳು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಆದರೂ ಎಲ್ಲರೂ "ಸ್ತೋತ್ರ!" ಎಂದರು.

*

ಊಟ, ಕುಣಿತದ ಗದ್ದಲ ಬೇವಿನ ಮರದ ಕೆಳಗೆ ಮುಂದುವರಿದಿತ್ತು. ಅಚ್ಚುಕೂಟದಲ್ಲಿ ಇಬ್ಬರೇ ಇದ್ದರು. ಬಾಗಿಲು ಹಾರುಹೊಡೆದಿತ್ತು, ಊರಿನ ಮರ್ಯಾದೆ ಹಾಗೆ.

"ಎಫೊ... ಆ ಮಣಿಸರದ ಹುಡುಗಿ ವಿಷಯ," ಎಂದು ಶುರುಮಾಡಿದಳು ಯಾಯ್ರಾ.

ಎಲ್ಲ ಹೇಳಿದಳು. ಕಿಟಕಿ, ಪ್ರೂಫು, ಅಬೊಲೊ. ಸೆನ್ಯೊ ಮೊದಲು ಬಾಯಿ ತೆರೆದ, ಆಮೇಲೆ ತಲೆ ಚಚ್ಚಿಕೊಂಡ.

"ನಮ್ಮಜ್ಜಿ ಮೇಲೆ ಹೊಟ್ಟೆಕಿಚ್ಚು ಪಟ್ರಾ?"

"ಅಷ್ಟು ಚೆನ್ನಾಗಿದ್ರೆ ಯಾರಿಗಾದ್ರೂ ಆಗುತ್ತೆ!"

"ನಾನು ಅಂದುಕೊಂಡೆ... ನಿಮಗೆ ನಾನು ಬೇಡವೇನೋ ಅಂತ. ಆದರೂ ಆ ಖಾಲಿ ಚೌಕಟ್ಟು ಕಟ್ಟಿದೆ. ಅದನ್ನ ತೆಗೆದುಬಿಡೋಣ ಅಂತ ಎಷ್ಟು ಸಲ ಕೈ ಹಾಕಿದೆನೋ. ಬೆರಳು ಒಪ್ಪಲಿಲ್ಲ."

ಹೊರಗೆ ತುತ್ತೂರಿ ಹೊಸ ಹಾಡು ಹಿಡಿಯಿತು.

ಅಚ್ಚುಮೊಳೆಗಳ ಖಾನೆಗಳಲ್ಲಿ ಒಂದೊಂದು ಅಕ್ಷರ ಒಂದೊಂದು ಗೂಡಿನಲ್ಲಿ ಬಿದ್ದಿತ್ತು. ಯಾವುದು ಯಾವುದರ ಪಕ್ಕಕ್ಕೆ ಬಂದೀತೆಂದು ಅವಕ್ಕೇನು ಗೊತ್ತು? ಒಂದು ಕೈ ಬರಬೇಕು, ಎತ್ತಬೇಕು, ಜೊತೆಗಿಡಬೇಕು. ಅಕ್ರಾದಲ್ಲಿದ್ದವನನ್ನು, ಬೆಟ್ಟದೂರಲ್ಲಿ ಸೂಜಿ ಹಿಡಿದು ಕೂತವಳನ್ನು ಎತ್ತಿ ಪಕ್ಕಪಕ್ಕಕ್ಕೆ ಇಟ್ಟ ಕೈ ಎಂಥದೋ... ಯಾಯ್ರಾ ಮನಸ್ಸಿನಲ್ಲೇ ಆ ಕೈಗೆ ಮುಗಿದಳು.

ನಂತರ ಖಾನೆಯಿಂದ ಒಂದೊಂದೇ ಮೊಳೆ ಆರಿಸಿ, ಅವನ ಹೆಸರನ್ನು ಜೋಡಿಸತೊಡಗಿದಳು. ಅದರ ಪಕ್ಕ ತನ್ನ ಹೆಸರು.

"ಉಲ್ಟಾ ಜೋಡಿಸಬೇಕು," ಎಂದ ಅವನು ಮೆಲ್ಲಗೆ. "ಆಗ್ಲೇ ಕಾಗದದ ಮೇಲೆ ನೆಟ್ಟಗೆ ಬರೋದು."

"ಗೊತ್ತು. ಒಂದು ವಾರ ಎಲ್ಲಾನೂ ಉಲ್ಟಾನೇ ಮಾಡಿದೀನಿ. ಚೆನ್ನಾಗಿ ಅಭ್ಯಾಸ ಆಗಿದೆ."

ಅವನು ನಕ್ಕ. ಆ ಸಂದಿನಿಂದ.

"ಆದರೆ ಈಗಲೇ ಅಚ್ಚು ಹಾಕೋ ಹಾಗಿಲ್ಲ," ಎಂದಳು ಅವಳು ಬೆರಳೆತ್ತಿ. "ಮೊದಲು ಪದ್ಧತಿ ಪ್ರಕಾರ ನಿಮ್ಮ ಹಿರಿಯರು ಹೆಂಡದ ಬಾಟಲಿ ಹಿಡ್ಕೊಂಡು ಹೆಣ್ಣು ಕೇಳೋಕೆ ಬಂದು ನಮ್ಮನೆ ಬಾಗಿಲು ತಟ್ಟಬೇಕು. ಅಜ್ಜಿ ಸುಮ್ಮನೆ ಒಪ್ಪಲ್ಲ. ಅವರನ್ನ ಸಾಯಿಸಿದ ಲೆಕ್ಕ ಇನ್ನೂ ಬಾಕಿ ಇದೆ."

ಕಿಟಕಿಯ ಹೊರಗಿನಿಂದ ಕೋಲಿನ ಸದ್ದು ಬಂತು.

"ಬಾಟಲಿ ದೊಡ್ಡದಿರಲಿ!" ಎಂದಿತು ಅಜ್ಜಿಯ ಧ್ವನಿ. "ಮತ್ತೆ, ಏಯ್ ಹುಡುಗಾ! ಈ ಸಲವಾದ್ರೂ ಗೆರೆ ನೋಡಿ ಹಾಕು! ಅಕು ಮತ್ತೆ ಕಪ್ಪು ರವಿಕೆ ಹೊಲಿಸೋಕೆ ಬಂದಾಳು!"

"ನಾನು ಕಪ್ಪು ಬಟ್ಟೆ ವಾಪಸ್ ಕೊಟ್ಟಾಯ್ತು!" ಪಕ್ಕದಲ್ಲೇ ಡಾವಿ ಅಕುವಿನ ಧ್ವನಿ. "ಈಗ ಬಿಳೀದು. ಆದರೆ ತೋಳು ಮಾತ್ರ ಉಬ್ಬಿರಲಿ ಕಣೇ ಯಾಯ್ರಾ!"

ಇಬ್ಬರ ನಗು, ಕೋಲಿನ ಸದ್ದು ದೂರವಾದವು.

ಸೆನ್ಯೊ ಅವಳು ಜೋಡಿಸಿದ ಹೆಸರುಗಳ ಸುತ್ತ ಮದುವೆಯ ಗೆರೆಯನ್ನು ಇಟ್ಟ. ಒಂದು ಬದಿ, ಎರಡನೆಯದು, ಮೂರನೆಯದು. ಕೊನೆಯ ಬದಿಯ ತುಂಡನ್ನು ಅವಳ ಅಂಗೈಯಲ್ಲಿಟ್ಟ.

"ಇದು ನಿನ್ನದು ಯಾಯ್ರಾ." ಅವನು 'ನಿನ್ನ' ಎಂದದ್ದು ಅದೇ ಮೊದಲು.

ಅವಳು ಅದನ್ನು ಜಾಗದಲ್ಲಿ ಕೂರಿಸಿದಳು. ಚೌಕಟ್ಟು ಕೂಡಿಕೊಂಡಿತು.

"ಗೆರೆ ನೋಡಿದ್ಯಾ? ಸರಿಯಾಗಿದೆಯಾ?" ಎಂದು ಕೇಳಿದ ಅವನು.

ಯಾಯ್ರಾ ಗೆರೆಯ ಕಡೆ ನೋಡಲೇ ಇಲ್ಲ. ಸೀಸದ ಆ ಎರಡು ಹೆಸರುಗಳ ಮೇಲೆ ಬೆರಳಾಡಿಸುತ್ತ, ಭಾನುವಾರ ಊರಿಗೆಲ್ಲ ಓದುವ ಧ್ವನಿಯಲ್ಲಲ್ಲ, ಒಬ್ಬನಿಗೆ ಮಾತ್ರ ಕೇಳುವ ಧ್ವನಿಯಲ್ಲಿ ಹೇಳಿದಳು:

"ಈ ಸಲ ಒಳಗಿನದ್ದು ಓದಿದೆ ಎಫೊ... ಪೂರ್ತಿ ಓದಿದೆ."